ಬಿಡೋದಕ್ಕೂ ಬಲ ಬೇಕು

ನಮ್ಮಕ್ಕನ ಬಲತೊಡೆ ಎಡತೊಡೆಗಿಂತ ದಪ್ಪ ಇತ್ತು. ಹೆಂಗಸಿನ ಬಗ್ಗೆ ಹೇಳೋಕೆ ಶುರುಮಾಡಿ ಮೊದಲ ಮಾತಿಗೇ ತೊಡೆಯ ಸುದ್ದಿ ಎತ್ತಿದಳಲ್ಲ ಅಂತ ಮೂಗು ಮುರೀಬೇಡಿ. ಅವಳ ಕಥೆಯೆಲ್ಲ ಆ ತೊಡೆಯದ್ದೇ. ದೊಡ್ಡದೊಂದು ಲಾಂಡ್ರಿಯಲ್ಲಿ ಆವಿ ಇಸ್ತ್ರಿಯ ಮೆಷಿನ್ ಮುಂದೆ ನಿಂತು ಆಯುಷ್ಯ ಸವೆಸಿದವಳು ಅವಳು. ಬಟ್ಟೆ ಹರವಬೇಕು, ಬಲಗಾಲಲ್ಲಿ ಪೆಡಲ್ ಒತ್ತಬೇಕು, ಮೇಲಿನ ಹಲಗೆ ಬುಸ್ ಅಂತ ಇಳೀಬೇಕು, ಕಾಲು ಎತ್ತಿದರೆ ಅದು ಏಳಬೇಕು. ಬೆಳಗಿಂದ ಸಂಜೆವರೆಗೂ ಇದೇ. ಜೊತೆಯ ಹೆಂಗಸರು ಅವಳಿಗೆ ಪೆಡಲಮ್ಮ ಅಂತ ಹೆಸರಿಟ್ಟಿದ್ದರು. ಒದ್ದರೆ ಗೋಡೆ ಬೀಳುತ್ತೆ, ದೂರ ನಿಲ್ಲಿ ಅಂತ ರೇಗಿಸ್ತಿದ್ದರು. ಅಕ್ಕ ಬಾಯಲ್ಲಿ ಬೈದರೂ ಒಳಗೊಳಗೇ ಜಂಬ ಪಡ್ತಿದ್ದಳು.

ಲಾಂಡ್ರಿಯ ಹಿಂದೆ ನೆಲಮಟ್ಟದಲ್ಲೇ ಅವಳದೊಂದು ಕೋಣೆ. ಒಲೆ, ಮಂಚ, ಬಾಗಿಲ ಮುಂದೆ ಒಂದು ಕಲ್ಲು. ಕೆಲಸ ಮುಗಿಸಿ ಬಂದು ಆ ಕಲ್ಲಿನ ಮೇಲೆ ಕಾಲು ಚಾಚಿ ಕೂತರೆ ಅವಳೇ ಮಹಾರಾಣಿ. ಹೋಗಿ ಬರೋರನ್ನೆಲ್ಲ ಮಾತಾಡಿಸೋಳು. ಮಗನ ಮನೆಗೆ ಬಾ ಅಂದರೆ ನಾಲ್ಕನೇ ಮಹಡಿ, ಲಿಫ್ಟಿಲ್ಲ, ಅಲ್ಲಿ ಯಾರ ಮುಖ ನೋಡಲಿ ಅಂತ ಜಾರಿಕೊಳ್ತಿದ್ದಳು.

ಕೊನೆಗೆ ಜಾರಿದ್ದು ಲಾಂಡ್ರಿಯ ಒದ್ದೆ ನೆಲದಲ್ಲಿ. ಅದೇ ಬಲಗಾಲು, ತೊಡೆಮೂಳೆ ಎರಡು ತುಂಡು. ಆಪರೇಷನ್ ಮಾಡಿ ಮೂಳೆಯೊಳಗೆ ರಾಡ್ ಕೂರಿಸಿದರು. ಆಸ್ಪತ್ರೆಯಿಂದ ಮಗ ಅವಳನ್ನು ಸೀದಾ ತನ್ನ ಮನೆಗೆ, ಆ ನಾಲ್ಕನೇ ಮಹಡಿಗೆ ಹೊತ್ತುಕೊಂಡು ಹೋದ.

ಹೊತ್ತುಕೊಂಡು ಅಂದರೆ ನಿಜವಾಗಿಯೂ ಹೊತ್ತುಕೊಂಡೇ. ಅವನನ್ನು ಎಲ್ಲರೂ ಜಟ್ಟಿ ಅಂತಾರೆ. ಫರ್ನಿಚರ್ ಅಂಗಡಿಯಲ್ಲಿ ಸಾಮಾನು ಹೊರೋ ಕೆಲಸ. ಬೀರು, ಮಂಚ, ಸೋಫಾ, ಏನೇ ಇರಲಿ, ಬೆನ್ನಿಗೆ ಅಗಲವಾದ ಪಟ್ಟಿ ಬಿಗಿದುಕೊಂಡು ಮಹಡಿ ಹತ್ತಿಸ್ತಾನೆ. ಒಂದು ಗೀರು ಬೀಳಲ್ಲ, ಒಂದು ಮೂಲೆ ಗೋಡೆಗೆ ತಾಗಲ್ಲ. ಅದೇ ಪಟ್ಟಿಯಲ್ಲಿ ಅಮ್ಮನನ್ನು ಬೆನ್ನಿಗೆ ಕಟ್ಟಿಕೊಂಡು ಹತ್ತಿದ. ಮನೆಯೊಳಗೂ ಹಾಗೇ. ಮಂಚದಿಂದ ಬಚ್ಚಲಿಗೆ ಎತ್ತಿಕೊಂಡು ಹೋಗೋದು, ಬಚ್ಚಲಿಂದ ಕುರ್ಚಿಗೆ, ಕುರ್ಚಿಯಿಂದ ಮತ್ತೆ ಮಂಚಕ್ಕೆ. ಮನೆಗೆ ಬಂದವರೆಲ್ಲ ಇಂಥ ಮಗನನ್ನು ಹೆರೋಕೆ ಪುಣ್ಯ ಮಾಡಿರಬೇಕು ಅಂತ ಹೊಗಳಿದ್ದೇ ಹೊಗಳಿದ್ದು. ಅವನಂತೂ ಎದೆ ಉಬ್ಬಿಸಿ, ಅಮ್ಮನ ಕಾಲು ಇಲ್ಲಿವರೆಗೂ ನೆಲಕ್ಕೆ ತಾಗಿಸಿಲ್ಲ ಅಂತ ಹೇಳಿಕೊಂಡು ತಿರುಗ್ತಿದ್ದ. ನಮ್ಮಕ್ಕ ಅವನ ಪಾಲಿಗೆ ಗಾಜಿನ ಬಾಗಿಲ ಬೀರು ಆಗಿಹೋಗಿದ್ದಳು.

ಅವನನ್ನು ನಾನು ಸುಮ್ಮನೆ ದೂರೋದಿಲ್ಲ. ಅವನ ಹೆದರಿಕೆಗೆ ಕಾರಣ ಇದೆ. ನಮ್ಮ ಭಾವನೂ ಅದೇ ಕೆಲಸದವರು. ಮೀಸೆ ಚಿಗುರೋ ವಯಸ್ಸಿನ ಮಗನನ್ನು ಒಂದು ದಿನ ಜೊತೆಗೆ ಕರೆದುಕೊಂಡು ಹೋಗಿದ್ದರು. ಯಾರದೋ ಮನೆ ಮೆಟ್ಟಿಲ ಮೇಲೆ ತೇಗದ ಮಂಚ ಏರಿಸ್ತಿದ್ದಾಗ ಕೆಳಗಿನ ತುದಿ ಅಪ್ಪನ ಕೈಯಲ್ಲಿ, ಮೇಲಿನ ತುದಿ ಮಗನ ಕೈಯಲ್ಲಿ. ಹುಡುಗನ ಬೆರಳು ಸೋತು ಹೋಯ್ತು. ಮಂಚ ಭಾವನನ್ನು ನೂಕಿಕೊಂಡೇ ಕೆಳಗೆ ಹೋಯ್ತು. ಆಸ್ಪತ್ರೆ ಮುಟ್ಟೋ ಹೊತ್ತಿಗೆ ಅವರಿರಲಿಲ್ಲ. ಯಾರೂ ಆ ಹುಡುಗನನ್ನು ಒಂದು ಮಾತು ಅನ್ನಲಿಲ್ಲ. ಅಕ್ಕ ಅಂತೂ ಆ ವಿಷಯವನ್ನೇ ಎತ್ತಲಿಲ್ಲ. ಎರಡು ಬೈದು, ಕೂತು ಅತ್ತು ಮುಗಿಸಿದ್ದಿದ್ದರೆ ಚೆನ್ನಾಗಿತ್ತೇನೋ.

ಮೂಳೆ ಕೂಡಿಕೊಂಡಿದೆ, ಇನ್ನು ಹಿಡಿದುಕೊಂಡು ನಡೆಸಿ ಅಂತ ಡಾಕ್ಟರು ಹೇಳಿದ ಮೇಲೆ, ಆಸ್ಪತ್ರೆಯಿಂದ ವ್ಯಾಯಾಮ ಮಾಡಿಸೋ ಫಿಸಿಯೋ ಮೇಡಂ ಮನೆಗೆ ಬಂದರು. ಸಣ್ಣಗಿನ ಹೆಂಗಸು, ಮಾತು ಮಾತ್ರ ಚಾಟಿ. ಬಂದವರೇ ಅಳತೆ ಟೇಪು ತೆಗೆದು ಎರಡೂ ತೊಡೆ ಅಳೆದರು. ನಾನು ಪಕ್ಕದಲ್ಲೇ ಇದ್ದೆ. ಗೋಡೆ ಬೀಳಿಸೋ ತೊಡೆ ಅಂತಿದ್ದರಲ್ಲ, ಅದು ಎಡತೊಡೆಯ ಮುಂದೆ ಮಗುವಿನ ತೊಡೆ ಥರ ಕಾಣ್ತಿತ್ತು. ಚರ್ಮ ಜೋತುಬಿದ್ದಿತ್ತು. ಅಕ್ಕ ಆ ಕಡೆ ಮುಖ ತಿರುಗಿಸಿದಳು.

ಮೂಳೆ ಕೂಡಿದ್ದರೂ ಕಾಲು ಯಾಕೆ ಹೀಗಾಯ್ತು ಅಂತ ನಾನು ಜಗಳಕ್ಕೆ ಹೋದ ಹಾಗೆ ಕೇಳಿದೆ. ಮೇಡಂ ಮಂಚದ ತುದಿಯಲ್ಲಿ ಕೂತು ವಿವರಿಸಿದರು. ಸ್ನಾಯು ಅಂದರೆ ಒಂದೇ ಗಟ್ಟಿ ಮಾಂಸ ಅಲ್ವಂತೆ, ಕಟ್ಟಿನೊಳಗೆ ಕಟ್ಟು. ದೊಡ್ಡ ಕಟ್ಟನ್ನು ಬಿಚ್ಚಿದರೆ ಸಣ್ಣ ಕಟ್ಟುಗಳು, ಒಂದೊಂದಕ್ಕೂ ತೆಳ್ಳನೆ ಹೊದಿಕೆ, ಅದರೊಳಗೆ ಕೂದಲೆಳೆಗಿಂತ ಸಣ್ಣ ಎಳೆಗಳು, ಆ ಎಳೆಯೊಳಗೂ ಇನ್ನಷ್ಟು ಎಳೆ. ಹೋಟೆಲಿಂದ ನಮ್ಮ ಲಾಂಡ್ರಿಗೆ ಬರೋ ಬಟ್ಟೆಗಂಟು ಹಾಗೇ ಇರುತ್ತೆ ಅಂತ ಅಕ್ಕ ಸಣ್ಣಗೆ ಅಂದಳು. ಮೇಡಂ ನಕ್ಕರು. ಎಲ್ಲಕ್ಕಿಂತ ಒಳಗೆ ಎರಡು ಬಗೆ ನೂಲು, ದಪ್ಪದ್ದೊಂದು ತೆಳುವಿನದೊಂದು. ಕಾಲು ಚಾಚು ಅಂತ ಮೆದುಳಿಂದ ನರದಲ್ಲಿ ಸುದ್ದಿ ಬಂದ ಕೂಡಲೇ ದಪ್ಪ ನೂಲಿನ ಕೊಕ್ಕೆಗಳು ತೆಳು ನೂಲನ್ನು ಹಿಡಿದು ತಮ್ಮ ಕಡೆ ಎಳಕೊಳ್ತವೆ. ಮೇಡಂ ಎರಡೂ ಕೈಯ ಬೆರಳನ್ನು ಒಂದರ ಸಂದಿಯಲ್ಲಿ ಒಂದು ಜಾರಿಸಿ ತೋರಿಸಿದರು. ಹಾಗೆ ಎಲ್ಲ ಎಳೆಯೂ ಗಿಡ್ಡ ಆದಾಗ ಇಡೀ ಸ್ನಾಯು ಗಿಡ್ಡ ಆಗಿ ಮೂಳೆಯನ್ನು ಎಳೆಯುತ್ತೆ.

"ಸ್ನಾಯುವಿಗೆ ಎಳೆಯೋದೊಂದೇ ಗೊತ್ತಮ್ಮ, ತಳ್ಳೋಕೆ ಬರಲ್ಲ," ಅಂದರು. ಅದಕ್ಕೇ ಜೋಡಿ ಜೋಡಿಯಾಗಿ ಇರ್ತವೆ. ತೊಡೆಯ ಮುಂದಿನದು ಮಂಡಿಯನ್ನು ಚಾಚುತ್ತೆ, ಹಿಂದಿನದು ಮಡಚುತ್ತೆ. ಒಂದು ಎಳೆದಾಗ ಇನ್ನೊಂದು ಬಿಟ್ಟುಕೊಡಬೇಕು, ಇಲ್ಲದಿದ್ದರೆ ಕಾಲು ಅಲ್ಲೇ ಸೆಟೆದು ನಿಲ್ಲುತ್ತೆ. ಇನ್ನೊಂದು ಮಾತು ಹೇಳಿದರು, ಅದು ನನ್ನ ತಲೆಯಲ್ಲಿ ಹಾಗೇ ಉಳೀತು. ಕೊಕ್ಕೆ ಎಳೆಯೋದಕ್ಕೆ ಶಕ್ತಿ ಬೇಕು ಅಂತ ಎಲ್ಲರಿಗೂ ಗೊತ್ತು, ಹಿಡಿದಿದ್ದನ್ನು ಬಿಡೋದಕ್ಕೂ ಶಕ್ತಿ ಬೇಕಂತೆ. ಶಕ್ತಿ ತೀರಿದರೆ ಕೊಕ್ಕೆ ಹಿಡಿದದ್ದು ಹಿಡಿದ ಹಾಗೇ. ಹೆಣ ಸೆಟೆದುಕೊಳ್ಳೋದು ಅದರಿಂದಲೇ ಅಂತೆ. ಬಾಗಿಲಲ್ಲಿ ನಿಂತಿದ್ದ ಜಟ್ಟಿ ಅಷ್ಟು ಕೇಳಿ ಒಳಗೆ ಹೋಗಿಬಿಟ್ಟ.

ಕಾಲು ಸೊರಗಿದ್ದಕ್ಕೆ ಮೇಡಂ ಕೊಟ್ಟ ಕಾರಣ ಸುಲಭದ್ದು. ಮೈ ಬಲು ಜಿಪುಣ. ದುಡಿಯದವರಿಗೆ ಅನ್ನ ಹಾಕಲ್ಲ. ಮಲಗಿದ ಕಾಲಿನ ಎಳೆಗಳನ್ನು ದಿನಾ ಸ್ವಲ್ಪ ಸ್ವಲ್ಪ ತೆಳ್ಳಗೆ ಮಾಡ್ತಾ ಹೋಗುತ್ತೆ. ಭಾರ ಬಿದ್ದರೆ ಮತ್ತೆ ದಪ್ಪ ಮಾಡುತ್ತೆ, ವಯಸ್ಸಾದವರಿಗೂ ಮಾಡುತ್ತೆ, ನಿಧಾನ ಅಷ್ಟೆ. ಹೀಗೇ ಮಲಗಿಸಿಟ್ಟರೆ ಮುಂದೆ ಎದ್ದು ನಿಲ್ಲೋ ಆಸೆ ಬಿಡಬೇಕು. ಇದನ್ನು ಮುಖಕ್ಕೆ ಹೊಡೆದ ಹಾಗೆ ಹೇಳಿ, ಮಂಡಿ ಕೆಳಗೆ ಟವೆಲ್ ಸುರುಳಿ ಇಟ್ಟು ಅದನ್ನು ಒತ್ತಿ ಹಿಡಿಯೋ ವ್ಯಾಯಾಮ ತೋರಿಸಿದರು. ಕಾಲು ಅಲ್ಲಾಡಲೇಬೇಕು ಅಂತಿಲ್ಲ, ಅಲ್ಲಾಡದೇನೂ ಸ್ನಾಯು ದುಡಿಯುತ್ತೆ ಅಂದರು. ಆಮೇಲೆ ಅಕ್ಕನನ್ನು ಎತ್ತಿ ನಿಲ್ಲಿಸಿದರು.

ಅಕ್ಕ ಕಿರುಚಿಬಿಟ್ಟಳು. ಜಟ್ಟಿ ಓಡಿಬಂದು ಮೇಡಂ ಕೈಯಿಂದ ಅಮ್ಮನನ್ನು ಕಸಿದುಕೊಂಡ. ಬೇಡಮ್ಮಾ ಬೇಡ ಅಂತ ಅವಳ ತಲೆ ಸವರಿ ಮಲಗಿಸಿದ. ನಾಳೆಯಿಂದ ಬರೋದು ಬೇಡ ಅಂತ ಮೇಡಂಗೆ ಮರ್ಯಾದೆಯಾಗಿಯೇ ಹೇಳಿ ಮೆಟ್ಟಿಲವರೆಗೂ ಬಿಟ್ಟು ಬಂದ. ನಾನು ಬಾಯಿಗೆ ಬಂದ ಹಾಗೆ ಬೈದೆ. ಅವನು ತಲೆ ತಗ್ಗಿಸಿ ಕೇಳಿಸಿಕೊಂಡು, ಚಿಕ್ಕಮ್ಮಾ ಊಟ ಮಾಡ್ಕೊಂಡು ಹೋಗಿ ಅಂದ. ಇಂಥವನ ಹತ್ತಿರ ಹೇಗೆ ಜಗಳ ಆಡೋದು ಹೇಳಿ.

ಆಮೇಲಿನ ದಿನಗಳು ಹೀಗಿದ್ದವು. ಮಂಚಕ್ಕೆ ಎದುರಾಗಿ ಒಂದು ಕಿಟಕಿ. ಕಿಟಕಿಯಾಚೆ ಪಕ್ಕದ ಕಟ್ಟಡದ ಗೋಡೆ, ಗೋಡೆ ಮೇಲೊಂದು ನೀರಿನ ಪೈಪು. ಸೊಸೆ ಬೆಳಿಗ್ಗೆ ಅತ್ತೆಗೆ ತಿಂಡಿ ಕೊಟ್ಟು ತನ್ನ ಅಂಗಡಿ ಕೆಲಸಕ್ಕೆ ಹೋಗೋಳು. ಒಳ್ಳೆಯವಳೇ, ಗಂಡನ ಮುಂದೆ ಮಾತ್ರ ಬಾಯಿಲ್ಲ. ಜಟ್ಟಿ ಮಧ್ಯಾಹ್ನ ಬಂದು ಅಮ್ಮನನ್ನು ಬಚ್ಚಲಿಗೆ ಎತ್ತಿಕೊಂಡು ಹೋಗಿ ತಂದು ಮಲಗಿಸಿ ಮತ್ತೆ ಕೆಲಸಕ್ಕೆ ಓಡೋನು. ಅವನು ಬರೋವರೆಗೂ ತಡೆದುಕೊಳ್ಳಬೇಕು ಅಂತ ಅಕ್ಕ ನೀರು ಕುಡಿಯೋದನ್ನೇ ಬಿಟ್ಟಿದ್ದಳು. ತುಟಿ ಒಡೆದಿತ್ತು. ನೀರು ಕೊಟ್ಟರೆ ಬಾಯಿ ಒದ್ದೆ ಮಾಡಿಕೊಂಡು ಲೋಟ ವಾಪಸ್ ಕೊಡೋಳು. ಸಾಲದ್ದಕ್ಕೆ ಜಟ್ಟಿ ಲಾಂಡ್ರಿಯ ಹಿಂದಿನ ಅವಳ ಕೋಣೆ ಖಾಲಿ ಮಾಡ್ತೀನಿ ಅಂತ ಅಲ್ಲಿನ ಸಾಹುಕಾರರಿಗೆ ಹೇಳಿಬಂದ. ಇನ್ನೇನು ಅಮ್ಮ ಅಲ್ಲಿಗೆ ಹೋಗಲ್ವಲ್ಲ ಅಂತ ಅವನ ಲೆಕ್ಕ. ಅವತ್ತು ಅಕ್ಕ ನನ್ನ ಕೈ ಹಿಡಿದುಕೊಂಡು, ನನ್ನ ಕಾಲ ಮೇಲೆ ನಾನು ಆ ಕೋಣೆ ಬಾಗಿಲಿಗೆ ಹೋಗಬೇಕು ಕಣೇ, ಇಲ್ಲಾಂದ್ರೆ ಈ ಮಂಚವೇ ನನಗೆ ಕೊನೆ ಅಂತ ಅತ್ತಳು.

ಆ ಟವೆಲ್ ಸುರುಳಿಯನ್ನು ಅವಳು ಮರೆತಿರಲಿಲ್ಲ. ದುಪ್ಪಟಿಯೊಳಗೆ ಮಂಡಿ ಕೆಳಗೆ ಅದನ್ನು ಬಚ್ಚಿಟ್ಟುಕೊಂಡು, ಯಾರೂ ಇಲ್ಲದಾಗ ಒತ್ತೋದು, ಉಸಿರು ಬಿಡ್ತಾ ಹಿಡಿಯೋದು, ಸಡಿಲ ಬಿಡೋದು. ಆಮೇಲೆ ಆಮೇಲೆ ಮಗ ಎದುರಿಗೇ ಕೂತು ಕಾಫಿ ಕುಡೀತಿದ್ದಾಗಲೂ ಒತ್ತೋಳು. ಹೊರಗಿನಿಂದ ನೋಡಿದರೆ ಮುದುಕಿ ಪಾಪ ಸುಮ್ಮನೆ ಮಲಗಿದ್ದಾಳೆ. ನಾನು ಹೋದಾಗಲೆಲ್ಲ ನನ್ನ ಅಂಗೈ ಎಳೆದು ತೊಡೆ ಮೇಲೆ ಇಟ್ಟುಕೊಂಡು ನೋಡು ಅನ್ನೋಳು. ಏನು ನೋಡೋದು, ಕಲಸಿಟ್ಟ ಹಿಟ್ಟಿನ ಹಾಗಿತ್ತು. ಆದರೂ ಹೂಂ, ಸ್ವಲ್ಪ ಗಟ್ಟಿ ಆಗಿದೆ ಅಂತ ಸುಳ್ಳು ಹೇಳ್ತಿದ್ದೆ.

ಒಂದು ಮಧ್ಯಾಹ್ನ ಸುಳ್ಳು ಹೇಳೋ ಅಗತ್ಯ ಬೀಳಲಿಲ್ಲ. ಅಂಗೈ ಕೆಳಗೆ ಏನೋ ಎದ್ದು ಬಿಗಿಯಾಯ್ತು, ಮಂಡಿಚಿಪ್ಪು ಮೇಲಕ್ಕೆ ಸರೀತು. ಇಬ್ಬರೂ ಬಾಯಿ ಮೇಲೆ ಕೈ ಇಟ್ಟುಕೊಂಡು ಹುಚ್ಚರ ಹಾಗೆ ನಕ್ಕೆವು. ಅಂದಿನಿಂದ ನನಗೂ ಧೈರ್ಯ ಬಂತು. ಆಸ್ಪತ್ರೆಗೆ ಹೋಗಿ ಆ ಮೇಡಂ ಹತ್ತಿರ ಮುಂದಿನದನ್ನೆಲ್ಲ ಕೇಳಿಕೊಂಡು ಬಂದೆ. ಮನೆಯಲ್ಲಿ ಯಾರೂ ಇಲ್ಲದ ಹೊತ್ತಲ್ಲಿ ಅಕ್ಕನನ್ನು ಮಂಚದ ಅಂಚಿಗೆ ಕೂರಿಸಿ, ಕಿಟಕಿ ಸರಳು ಹಿಡಿಸಿ ನಿಲ್ಲಿಸೋದು ಶುರುವಾಯ್ತು. ಕಾಲು ಗಡಗಡ ನಡುಗೋದು. ನಡುಗಲಿ, ಎಳೆಗಳೆಲ್ಲ ಹಾಜರಿ ಹಾಕ್ತಿವೆ ಅಂತ ನಾನು ತಮಾಷೆ ಮಾಡ್ತಿದ್ದೆ. ಅಕ್ಕ ಬೆವರು ಸುರಿಸ್ತಾ, ನೀನು ಮೊದಲು ಬಾಯಿ ಮುಚ್ಚು ಅನ್ನೋಳು. ಮಗನಿಗೆ ಯಾವಾಗ ಹೇಳೋದು ಅಂತ ಕೇಳಿದರೆ ಇನ್ನೂ ಸ್ವಲ್ಪ ದಿನ, ಇನ್ನೂ ಸ್ವಲ್ಪ ದಿನ ಅಂತಿದ್ದಳು. ನಡೆಯೋದನ್ನೇ ತೋರಿಸಿಬಿಡಬೇಕು, ಆಗ ಅವನು ನಂಬಲೇಬೇಕು ಅನ್ನೋದು ಅವಳ ಆಸೆ.

ಡಾಕ್ಟರಿಗೆ ತೋರಿಸೋ ದಿನ ಬಂತು. ಜಟ್ಟಿ ರಜೆ ಹಾಕಿ, ಅಮ್ಮನನ್ನು ಬೆನ್ನಿಗೆ ಹಾಕಿಕೊಂಡು ಪಟ್ಟಿ ಬಿಗಿದು, ಎದೆ ಮೇಲೆ ಬಕಲ್ ಹಾಕಿಕೊಂಡ. ನಾನು ಎಕ್ಸ್‌ರೇ ಚೀಲ ಹಿಡಿದು ಹಿಂದೆ ಹೊರಟೆ. ಮೂರನೇ ಮಹಡಿ ದಾಟಿ, ಮೆಟ್ಟಿಲು ತಿರುಗೋ ಜಾಗಕ್ಕೆ ಬಂದಾಗ ಅವನು "ಹಾ" ಅಂದ. ಅಷ್ಟೇ. ಬಗ್ಗಿದವನು ಬಗ್ಗಿದ ಹಾಗೇ ನಿಂತ. ಬೆನ್ನು ಹಿಡಿದುಕೊಂಡಿತ್ತು. ಒಂದು ಕೈ ಕಂಬಿ ಮೇಲೆ, ಇನ್ನೊಂದು ಗೋಡೆ ಮೇಲೆ. ಮುಖ ಬಿಳಿಚಿಕೊಂಡು, ಮಂಡಿ ನಡುಗೋಕೆ ಶುರುವಾಯ್ತು. ಮುಂದೆ ಕಡಿದಾದ ಮೆಟ್ಟಿಲು. ಅವನು ಬಿದ್ದರೆ ಪಟ್ಟಿಯಲ್ಲಿ ಕಟ್ಟಿರೋ ಅಮ್ಮನೂ ಜೊತೆಗೇ ಹೋಗ್ತಾಳೆ. ನಾನು ಕೂಗಿದೆ, ಮೇಲೆ ಓಡಿ ಮೂರನೇ ಮಹಡಿಯ ಬಾಗಿಲುಗಳನ್ನು ಬಡಿದೆ. ಎಲ್ಲರೂ ಕೆಲಸಕ್ಕೆ ಹೋಗಿದ್ದರು.

ಓಡಿಬಂದು ಬಕಲ್‌ಗೆ ಕೈ ಹಾಕಿದೆ.

"ಮುಟ್ಟಬೇಡಿ ಚಿಕ್ಕಮ್ಮ, ಅಮ್ಮ ಬಿದ್ದೋಗ್ತಾಳೆ," ಅಂದ ಅವನು ಹಲ್ಲು ಕಚ್ಚಿಕೊಂಡು.

"ಬಿಡೋ ಮಗಾ," ಅಂದಳು ಅಕ್ಕ ಅವನ ಕಿವಿ ಹತ್ತಿರ. "ನಾನು ನಿಲ್ತೀನಿ. ಬಿಡು."

ಅವನು ಬೇಡ ಬೇಡ ಅಂತಲೇ ಇದ್ದ. ನಾನು ಬಕಲ್ ಬಿಚ್ಚಿದೆ. ಅಕ್ಕ ಅವನ ಬೆನ್ನ ಮೇಲಿಂದ ಜಾರಿ, ಎಡಗಾಲು ಊರಿ, ಆಮೇಲೆ ಬಲಗಾಲು ಊರಿ ಕಂಬಿ ಹಿಡಿದು ನಿಂತಳು. ಆ ಕಾಲು ನಡುಗಿತು, ಆದರೆ ಮಡಚಿಕೊಳ್ಳಲಿಲ್ಲ. ನಾವಿಬ್ಬರೂ ಸೇರಿ ಜಟ್ಟಿಯನ್ನು ಮೆಲ್ಲಗೆ ಗೋಡೆಗೆ ಒರಗಿಸಿ ಕೂರಿಸಿದೆವು. ಅವನು ನೋವನ್ನೂ ಮರೆತು ಅಮ್ಮನ ಕಾಲನ್ನೇ ನೋಡ್ತಿದ್ದ.

ಇವನ ಹತ್ತಿರ ನೀನಿರು, ಜನರನ್ನು ನಾನು ಕರೀತೀನಿ ಅಂದಳು ಅಕ್ಕ. ನಾನು ಬೇಡ ಅನ್ನೋದರೊಳಗೆ ಹೊರಟೇಬಿಟ್ಟಳು. ಇಳಿಯೋದು ಹತ್ತೋದಕ್ಕಿಂತ ನಾಜೂಕಿನ ಕೆಲಸ ಅಂತ ಮೇಡಂ ನನಗೆ ಹೇಳಿದ್ದರು. ಮೇಲಿಂದ ಬೀರುವನ್ನು ಹಗ್ಗ ಕಟ್ಟಿ ಇಳಿಸೋರು ಹಗ್ಗವನ್ನು ಬಿಗಿ ಹಿಡಿದೇ ಚೂರು ಚೂರು ಬಿಡ್ತಾರಲ್ಲ, ಇಳಿಯುವಾಗ ತೊಡೆಯ ಸ್ನಾಯು ಹಾಗೇ ಉದ್ದ ಆಗ್ತಾ ಆಗ್ತಾ ದುಡಿಯುತ್ತಂತೆ. ನೊಂದ ಕಾಲು ಮೊದಲು ಕೆಳಗೆ, ಗಟ್ಟಿ ಕಾಲು ಆಮೇಲೆ. ಅಕ್ಕ ಹಾಗೇ ಇಳಿದಳು. ಕಣ್ಣಿಗೆ ಮರೆಯಾದ ಮೇಲೆ ಚಪ್ಪಲಿಯ ಸದ್ದು ಮಾತ್ರ ಕೇಳಿಸ್ತಿತ್ತು. ಒಂದೊಂದು ಸಲ ಸದ್ದು ನಿಂತಾಗಲೂ ಜಟ್ಟಿ ನನ್ನ ಮೊಣಕೈ ಹಿಂಡ್ತಿದ್ದ. ಅಷ್ಟು ದೊಡ್ಡ ಆಳು, ಕಣ್ಣಲ್ಲಿ ನೀರು ಸುರೀತಿತ್ತು.

ಕೆಳಗಿನ ಸೈಕಲ್ ಅಂಗಡಿಯವರು ಇಬ್ಬರು ಮೇಲೆ ಬಂದರು. ನಿಮ್ಮಮ್ಮ ನಮ್ಮ ಬೆಂಚಿನ ಮೇಲೆ ಕೂತು ನೀರು ಕುಡೀತಿದ್ದಾರೆ, ಎರಡು ಲೋಟ ಆಯ್ತು ಅಂದರು. ಆಸ್ಪತ್ರೆಯಲ್ಲಿ ಡಾಕ್ಟರು ಅಕ್ಕನ ಕಾಲು ನೋಡಿ ಭೇಷ್ ಅಂದರು, ಮಗನ ಬೆನ್ನಿಗೆ ಮಾತ್ರೆ ಬರೆದುಕೊಟ್ಟರು. ನಾನಂತೂ ಕುಣಿಯೋದೊಂದು ಬಾಕಿ. ಸಾಹುಕಾರರ ಹತ್ತಿರ ಓಡಿಹೋಗಿ ಕೋಣೆಯನ್ನು ಬೇರೆಯವರಿಗೆ ಕೊಡಬೇಡಿ, ಅಕ್ಕ ಬರ್ತಾಳೆ ಅಂತ ಹೇಳಿಯೂ ಬಂದೆ. ಜಟ್ಟಿ ಮನೆಯಲ್ಲಿ ಮಲಗಿದ್ದಷ್ಟು ದಿನ ಅಕ್ಕ ಅವನಿಗೆ ಕಾಫಿ ತಂದುಕೊಟ್ಟಳಂತೆ. ಅವನು ಹೆಚ್ಚು ಮಾತಾಡಲಿಲ್ಲವಂತೆ. ಅವಮಾನ ಆಗಿರಬೇಕು, ಸರಿಹೋಗ್ತಾನೆ ಅಂದುಕೊಂಡೆ.

ಅವನು ಮತ್ತೆ ಕೆಲಸಕ್ಕೆ ಹೊರಟ ದಿನ, ಅಕ್ಕನಿಗೆ ಅಂತ ಒಂದು ಊರುಗೋಲು ಕೊಂಡು ಮೆಟ್ಟಿಲು ಹತ್ತಿ ಹೋದೆ. ಇಬ್ಬರೂ ಮೆಲ್ಲಗೆ ಇಳಿದು ಲಾಂಡ್ರಿವರೆಗೂ ಹೋಗಿಬರೋಣ ಅಂತಿದ್ದೆ. ನೋಡಿದರೆ ಬಾಗಿಲಿಗೆ ಹೊರಗಿನಿಂದ ಬೀಗ. ಹೊಸ ಚಿಲಕ, ಹೊಸ ಬೀಗ, ಮೊಳೆ ಹೊಡೆದ ಜಾಗದಲ್ಲಿ ಮರದ ಪುಡಿ ಇನ್ನೂ ಉದುರಿತ್ತು. ಎಲ್ಲರೂ ಎಲ್ಲಿಗೆ ಹೋದರಪ್ಪ ಅಂತ ಸುಮ್ಮನೆ ಒಮ್ಮೆ ತಟ್ಟಿದೆ. ಒಳಗಿಂದ ಅಕ್ಕನ ದನಿ ಬಂತು.

ಬೆಳಿಗ್ಗೆ ಅವನೇ ಚಿಲಕ ಹೊಡೆದನಂತೆ. ಹೊಡೆಯುವಾಗ ಅತ್ತನಂತೆ. ನೀನು ಮಲಗಿದ್ದಾಗ ನನಗೆ ಭಯ ಇರಲಿಲ್ಲಮ್ಮ, ಈಗ ನೀನು ನಡೀತೀಯ, ನಾನಿಲ್ಲದಾಗ ಮೆಟ್ಟಿಲಿಗೆ ಹೋಗ್ತೀಯ ಅಂದನಂತೆ. ಸೊಸೆ ಬೇಡ ಅಂದಳಂತೆ, ಅವನು ಕೇಳಲಿಲ್ಲವಂತೆ. ಅಷ್ಟು ದಿನ ಅವಳಿಗೆ ಏಳೋಕೆ ಆಗದಿದ್ದಾಗ ಆ ಬಾಗಿಲು ಹಗಲೆಲ್ಲ ತೆರೆದೇ ಇರ್ತಿತ್ತು.

ನನಗೆ ಮೈಯೆಲ್ಲ ಉರಿದುಹೋಯ್ತು. ಸೈಕಲ್ ಅಂಗಡಿಯಿಂದ ಸುತ್ತಿಗೆ ತಂದು ಬೀಗ ಒಡೀತೀನಿ, ಪೊಲೀಸರನ್ನು ಕರೀತೀನಿ, ಅವನ ಕೆನ್ನೆಗೆ ಬಾರಿಸ್ತೀನಿ ಅಂತ ಕೂಗಾಡಿದೆ. ಬಾಗಿಲಿಗೆ ಒದ್ದೆ ಕೂಡ. ನನ್ನ ಕೂಗಾಟ ಮುಗಿದ ಮೇಲೆ ಅಕ್ಕ ಒಳಗಿಂದ ಬಾಗಿಲು ತಟ್ಟಿದಳು. ನೀನು ಒಡೆದರೆ ಅವನು ಇನ್ನೊಂದು ತರ್ತಾನೆ ಕಣೇ, ಇದನ್ನು ಅವನ ಕೈಯಲ್ಲೇ ತೆಗೆಸಬೇಕು ಅಂದಳು. ಅವಳ ದನಿ ನನ್ನ ಮುಖದ ಮಟ್ಟದಲ್ಲೇ, ಮರದ ಆಚೆ ಕಡೆಯೇ ಇತ್ತು.

ಬೆಳಗಿಂದ ಹೀಗೇ ಬಾಗಿಲ ಹತ್ತಿರ ನಿಂತಿದ್ದೀಯಾ, ಹೋಗಿ ಮಲಗು, ಸಂಜೆ ಅವನು ಬಂದಾಗ ನಾನೂ ಬಂದು ಮಾತಾಡ್ತೀನಿ ಅಂದೆ.

"ಮಲಗಲ್ಲ ಕಣೇ," ಅಂದಳು. "ಸುಸ್ತಾದರೆ ಕುರ್ಚಿ ಇದೆ, ಕೂತು ಏಳ್ತೀನಿ. ಅವನು ಬೀಗ ತೆಗೆದಾಗ ಮಾತ್ರ ನಾನು ಇಲ್ಲೇ, ಅವನೆದುರಿಗೆ ನಿಂತಿರಬೇಕು. ನಿಂತವಳು ಬೀಳಲಿಲ್ಲ ಅಂತ ಅವನು ದಿನಾ ನೋಡಲಿ. ನಾಳೆನೂ ನಿಂತಿರ್ತೀನಿ, ನಾಡಿದ್ದೂ ನಿಂತಿರ್ತೀನಿ. ಅವನು ಎಷ್ಟು ದಿನ ಬೀಗ ಹಾಕ್ತಾನೋ ಹಾಕಲಿ."